ತಪ್ಪಿದ ತಾಳದ ಚರಿತ್ರೆ

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಮನೆಯಿಂದ ಆರಂಭಿಸುತ್ತಾರೆ, ಇಲ್ಲವೆ ದೇವಾಲಯದಿಂದ. ಆಶ್ರಯವಿತ್ತ ದೊರೆ, ಆಸ್ಥಾನದ ವಿದ್ವಾಂಸ, ಅವನ ಶಿಷ್ಯಪರಂಪರೆ, ಅವರು ಬರೆದಿಟ್ಟ ಗ್ರಂಥಗಳು – ಇವೆಲ್ಲಕ್ಕೂ ದಾಖಲೆಗಳುಂಟು. ದಾಖಲೆಯಿದ್ದಲ್ಲಿ ಚರಿತ್ರೆಕಾರನಿಗೆ ಕಾಲೂರಲು ನೆಲ ಸಿಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ಕೆಲವು ಮುಖ್ಯ ತಿರುವುಗಳು ನಡೆದದ್ದು ಯಾರೂ ಲೆಕ್ಕವಿಡದ ಜಾಗಗಳಲ್ಲಿ: ಇಗರ್ಜಿಯ ನೆಲಮಾಳಿಗೆಯಲ್ಲಿ, ಶಾಲೆಯ ವ್ಯಾಯಾಮಮಂದಿರದಲ್ಲಿ, ಊರಾಚೆಯ ಸಣ್ಣ ನೃತ್ಯಶಾಲೆಯಲ್ಲಿ. ಅಲ್ಲಿ ಹಾಡಿದವರು ವಿದ್ವಾಂಸರಲ್ಲ. ಕೇಳಿದವರು ರಸಿಕರೆಂದು ಹೆಸರಾದವರಲ್ಲ. ಮರುದಿನ ಬೆಳಿಗ್ಗೆ ನೆಲ ಗುಡಿಸಿದ ಮೇಲೆ ಅಲ್ಲಿ ಕಛೇರಿಯೊಂದು ನಡೆದಿತ್ತು ಎಂಬುದಕ್ಕೆ ಗುರುತೇ ಉಳಿಯುತ್ತಿರಲಿಲ್ಲ.

ಅಂಥದೊಂದು ಕಛೇರಿ ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಆರಿಗನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ಪ್ರದೇಶದಲ್ಲಿ, 1963ನೆಯ ಇಸವಿ ಏಪ್ರಿಲ್ 5ರ ರಾತ್ರಿ ನಡೆಯಿತು. ನುಡಿಸಿದವರು ಐವರು ಹುಡುಗರು. ತಮ್ಮ ತಂಡವನ್ನು ಅವರು ‘ಕಿಂಗ್ಸ್‌ಮೆನ್’ ಎಂದು ಕರೆದುಕೊಂಡಿದ್ದರು. ಅವರಲ್ಲಿ ಕಿರಿಯನಾದ ಡಾನ್ ಗಲೂಚಿ ಇನ್ನೂ ಹೈಸ್ಕೂಲಿನ ವಯಸ್ಸಿನವನು. ಸ್ಥಳ, ಹದಿಹರೆಯದವರಿಗಾಗಿಯೇ ಇದ್ದ ಒಂದು ಸ್ಥಳೀಯ ಕ್ಲಬ್ಬು. ಹಾಡು, ‘ಲೂಯಿ ಲೂಯಿ’. ಆ ಒಂದೇ ಹಾಡನ್ನು ಅವರು ಅಂದು ನಿಲ್ಲಿಸದೆ ಸುಮಾರು 90 ನಿಮಿಷ ನುಡಿಸಿದರು. ಮುಂದೆ ಅದೇ ಹಾಡಿನ ಬೆನ್ನು ಹತ್ತಿ ದೇಶದ ಗವರ್ನರೊಬ್ಬರು, ಕೇಂದ್ರದ ತನಿಖಾ ಇಲಾಖೆ, ಕೊನೆಗೆ ನ್ಯಾಯಾಲಯಗಳು ಹೊರಡಬೇಕಾಯಿತು.

ಮೊದಲು ಒಂದು ಶಬ್ದದ ವಿಚಾರ. ಈ ಬಗೆಯ ಸಂಗೀತವನ್ನು ಇಂದು ‘ಗ್ಯಾರೇಜ್ ರಾಕ್’ ಎನ್ನುತ್ತಾರೆ. ಗ್ಯಾರೇಜು ಎಂದೊಡನೆ ನಮಗೆ ನೆನಪಾಗುವುದು ಮೋಟಾರು ದುರಸ್ತಿಯ ಅಂಗಡಿ, ಎಣ್ಣೆಯ ಕಲೆ, ಸುತ್ತಿಗೆಯ ಸದ್ದು. ಅಮೆರಿಕದಲ್ಲಿ ಅದು ಮನೆಗೆ ಅಂಟಿಕೊಂಡಂತೆ ಕಾರು ನಿಲ್ಲಿಸಲು ಕಟ್ಟಿದ ಕೊಟ್ಟಿಗೆ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಮಧ್ಯಮವರ್ಗದ ಬಡಾವಣೆಗಳು ಹಬ್ಬಿದವು. ಮನೆಗೊಂದು ಕಾರು, ಕಾರಿಗೊಂದು ಕೊಟ್ಟಿಗೆ ಬಂತು. ವಿದ್ಯುತ್ ಗಿಟಾರು ಸಾಮಾನ್ಯರ ಕೈಗೆಟುಕುವಂತಾಯಿತು. ಮನೆಯೊಳಗೆ ಈ ಗದ್ದಲವನ್ನು ಸಹಿಸದ ತಂದೆತಾಯಿಗಳು ಮಕ್ಕಳನ್ನು ಕೊಟ್ಟಿಗೆಗೆ ಅಟ್ಟಿದರು. ಹೀಗೆ ಕಾರಿನ ಪಕ್ಕದಲ್ಲಿ ನಿಂತು ಕಲಿತ ಸಂಗೀತಕ್ಕೆ ಆ ಹೆಸರು ಬಂದದ್ದು ಆಮೇಲೆ. ಅದು ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಆ ಕಾಲದ ಹುಡುಗರಿಗೆ ತಾವು ಯಾವುದೋ ಒಂದು ಶೈಲಿಯ ಪ್ರವರ್ತಕರೆಂಬ ಅರಿವೇ ಇರಲಿಲ್ಲ. ಶನಿವಾರ ರಾತ್ರಿ ಎಲ್ಲಿ ನುಡಿಸುವುದು, ಬಂದ ಹಣದಲ್ಲಿ ತಲೆಗೆಷ್ಟು, ಎಂಬುದಷ್ಟೇ ಅವರ ಚಿಂತೆ.

ಈ ಸಂಗೀತದ ಸಲಕರಣೆ ಬಹಳ ಸ್ವಲ್ಪ. ಎರಡು ಗಿಟಾರು, ಒಂದು ಮಂದ್ರದ ಗಿಟಾರು, ಡ್ರಮ್ಮು, ಸಾಧ್ಯವಾದರೆ ಒಂದು ವಿದ್ಯುತ್ ಪಿಯಾನೊ. ಕಲಿಯಬೇಕಾದ ಸ್ವರಗುಚ್ಛಗಳು ಮೂರು. ಇದನ್ನು ಬಡತನವೆನ್ನಬಹುದು, ಆದರೆ ಈ ಬಡತನಕ್ಕೊಂದು ಅರ್ಥವಿತ್ತು. ಸಭೆ ಬಂದದ್ದು ಕುಳಿತು ಕೇಳುವುದಕ್ಕಲ್ಲ, ಕುಣಿಯುವುದಕ್ಕೆ. ಕುಣಿಯುವ ಕಾಲಿಗೆ ಬೇಕಾದದ್ದು ತಪ್ಪದೆ ಮರಳಿ ಬರುವ ಒಂದು ಪೆಟ್ಟು. ನಮ್ಮ ಭಜನೆಯ ಮೇಳದಲ್ಲಿ ಒಂದೇ ಪಲ್ಲವಿಯನ್ನು ಹಿಡಿದು ಕಾಲದ ಪರಿವೆಯಿಲ್ಲದೆ ಹಾಡುವುದನ್ನು ಕೇಳಿದವರಿಗೆ, ಒಂದು ಹಾಡು ಒಂದೂವರೆ ಗಂಟೆ ಹೇಗೆ ನಡೆಯಿತೆಂದು ವಿವರಿಸಬೇಕಾಗಿಲ್ಲ. ಅಲ್ಲಿ ಹಾಡು ಒಂದು ಕೃತಿಯಾಗಿ ನಿಲ್ಲುವುದಿಲ್ಲ, ಒಂದು ಕ್ರಿಯೆಯಾಗುತ್ತದೆ; ಸೇರಿದವರು ಸಾಕೆನ್ನುವ ತನಕ ನಡೆಯುತ್ತದೆ.

ಇಂಥ ತಂಡಗಳು ಅಮೆರಿಕದ ಉದ್ದಗಲಕ್ಕೂ ಇದ್ದವು. ಆದರೂ ವಾಯವ್ಯದಲ್ಲಿ, ಎಂದರೆ ಸಿಯಾಟಲ್, ಟಕೋಮ, ಪೋರ್ಟ್‌ಲ್ಯಾಂಡ್ ನಗರಗಳ ಸಾಲಿನಲ್ಲಿ, ಅವು ಬಹು ಬೇಗನೆ ಬಲಿತವು. ನ್ಯೂಯಾರ್ಕ್ ಖಂಡದ ಆ ತುದಿಯಲ್ಲಿ. ಲಾಸ್ ಏಂಜಲೀಸ್ ಸಹ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ದೊಡ್ಡ ಊರಿನ ದೊಡ್ಡ ಹೆಸರುಗಳಿಗೆ ಕಾದು ಕುಳಿತರೆ ವಾರಕ್ಕೊಂದು ನೃತ್ಯಕೂಟ ಆಗುವಂತಿರಲಿಲ್ಲ. ಆದ್ದರಿಂದ ಊರಿನವರೇ ನುಡಿಸಬೇಕಾಯಿತು, ಊರಿನವರೇ ಕೇಳಬೇಕಾಯಿತು. ಟಕೋಮದ ‘ವೇಲರ್ಸ್’ ತಂಡ 1959ರಲ್ಲಿಯೇ ದೇಶವಿಡೀ ಕೇಳಿದ ವಾದ್ಯಸಂಗೀತದ ತಟ್ಟೆಯೊಂದನ್ನು ಹೊರತಂದಿತು. ಆದರೆ ಪೂರ್ವದಲ್ಲಿ ನೆಲಸಿ ವೃತ್ತಿ ಬೆಳೆಸುವ ಬದಲು ಅವರು ಊರಿಗೆ ಮರಳಿದರು. ಸಿಯಾಟಲ್ ಮತ್ತು ಟಕೋಮಗಳ ನಡುವೆ ಹೆದ್ದಾರಿಯ ಬದಿಯಲ್ಲಿ ‘ಸ್ಪ್ಯಾನಿಷ್ ಕ್ಯಾಸಲ್’ ಎಂಬ ನೃತ್ಯಶಾಲೆಯಿತ್ತು. ಹೆಸರು ಕೋಟೆಯದಾದರೂ ಅದು 1930ರ ದಶಕದ ಆರಂಭದಲ್ಲಿ ಕಟ್ಟಿದ ಒಂದು ಜನಸಾಮಾನ್ಯರ ಕುಣಿತದ ಮನೆ. ಅಲ್ಲಿಗೆ ಬರುತ್ತಿದ್ದ ಸಿಯಾಟಲ್‌ನ ಹುಡುಗರಲ್ಲಿ ಜಿಮಿ ಹೆಂಡ್ರಿಕ್ಸ್ ಎಂಬವನೂ ಒಬ್ಬ. ಮುಂದೆ ಗಿಟಾರಿನ ಚರಿತ್ರೆಯನ್ನೇ ಬದಲಿಸಿದ ಆತ 1967ರಲ್ಲಿ ತನ್ನ ಒಂದು ಹಾಡಿನ ಶೀರ್ಷಿಕೆಯಲ್ಲಿ ಆ ಶಾಲೆಯ ಹೆಸರನ್ನು ಉಳಿಸಿದ. ಮರುವರ್ಷ ಆ ಕಟ್ಟಡವನ್ನು ಕೆಡವಲಾಯಿತು.

ಇನ್ನು ಹಾಡಿನ ಕಥೆ. ‘ಲೂಯಿ ಲೂಯಿ’ಯನ್ನು ರಚಿಸಿದವನು ರಿಚರ್ಡ್ ಬೆರಿ. 1935ರಲ್ಲಿ ಲೂಸಿಯಾನದಲ್ಲಿ ಹುಟ್ಟಿ, ಲಾಸ್ ಏಂಜಲೀಸಿನಲ್ಲಿ ಬೆಳೆದ ಕಪ್ಪು ಜನಾಂಗದ ಗಾಯಕ. 1955ರ ಸುಮಾರಿಗೆ ಅವನೊಂದು ನೃತ್ಯಶಾಲೆಯಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದಾಗ, ವೇದಿಕೆಯ ಮೇಲಿದ್ದ ಲ್ಯಾಟಿನ್ ಶೈಲಿಯ ವಾದ್ಯವೃಂದ ‘ಎಲ್ ಲೋಕೊ ಚಾ ಚಾ’ ಎಂಬ ಕ್ಯೂಬಾ ಮೂಲದ ಧಾಟಿಯನ್ನು ನುಡಿಸಿತು. ಅದರ ತಿರುಗುಮುರುಗು ನಡೆ ಬೆರಿಯ ತಲೆಯಲ್ಲಿ ಕುಳಿತಿತು. ಕೈಗೆ ಸಿಕ್ಕ ಕಾಗದದ ಮೇಲೆ ಅವನು ಸಾಲುಗಳನ್ನು ಗೀಚಿದ. ಹಾಡಿನ ವಸ್ತು ಸರಳ: ಜಮೈಕದ ನಾವಿಕನೊಬ್ಬ ಮದ್ಯದಂಗಡಿಯ ಲೂಯಿ ಎಂಬವನ ಮುಂದೆ, ಕಡಲಾಚೆ ತನಗಾಗಿ ಕಾದಿರುವ ಹುಡುಗಿಯನ್ನು ನೆನೆಯುತ್ತಾನೆ; ತಾನು ಹೊರಡಬೇಕು ಎನ್ನುತ್ತಾನೆ. ವಿರಹಿ, ಅವನ ದೂರದ ಪ್ರಿಯೆ, ನಡುವೆ ಕಡಲು, ಮಾತಿಗೊಬ್ಬ ಕೇಳುಗ. ಮೇಘದೂತವನ್ನು ಬಲ್ಲ ನಮಗೆ ಇದು ಪರಿಚಿತ ವಸ್ತುವೇ. ಇದರಲ್ಲಿ ಅಶ್ಲೀಲವಾದ ಒಂದು ಮಾತೂ ಇಲ್ಲ. ಇದನ್ನು ನೆನಪಿನಲ್ಲಿಡಬೇಕು.

ತಟ್ಟೆ 1957ರಲ್ಲಿ ಹೊರಬಂತು; ಪಶ್ಚಿಮ ಕರಾವಳಿಯಲ್ಲಿ ಅಲ್ಪಸ್ವಲ್ಪ ಮಾರಾಟವಾಯಿತು. ಆ ದಶಕದ ಕೊನೆಯಲ್ಲಿ ಮದುವೆಯ ಖರ್ಚಿಗೆ ಹಣ ಬೇಕಾಗಿ ಬೆರಿ ಈ ಹಾಡಿನ ಹಕ್ಕನ್ನು ಇನ್ನೂ ಕೆಲವು ಹಾಡುಗಳೊಂದಿಗೆ ಪ್ರಕಾಶಕನಿಗೆ ಮಾರಿಬಿಟ್ಟ. ದೊರೆತದ್ದು 750 ಡಾಲರ್.

ಹಾಡು ಒಡೆಯನಿಂದ ಬೇರೆಯಾಗಿ ಉತ್ತರಕ್ಕೆ ಪಯಣ ಬೆಳೆಸಿತು. ಸಿಯಾಟಲ್‌ನಲ್ಲಿ ಡೇವ್ ಲೂಯಿಸ್, ರಾನ್ ಹೋಲ್ಡನ್ ಮುಂತಾದ ಕಪ್ಪು ಕಲಾವಿದರು ಅದನ್ನು ತಮ್ಮ ಕೂಟಗಳಲ್ಲಿ ನುಡಿಸಿದರು. ವೇಲರ್ಸ್ ತಂಡದೊಡನೆ ಹಾಡುತ್ತಿದ್ದ ರಾಕಿನ್ ರಾಬಿನ್ ರಾಬರ್ಟ್ಸ್ ಅದನ್ನು ಎತ್ತಿಕೊಂಡು 1961ರಲ್ಲಿ, ತಾವೇ ಸ್ಥಾಪಿಸಿದ ಸಣ್ಣ ಸಂಸ್ಥೆಯಿಂದ ಮತ್ತೆ ತಟ್ಟೆಯಾಗಿಸಿದ. ಬೆರಿಯ ಮೆಲುದನಿಯ ಹಾಡು ಈಗ ಗಟ್ಟಿಯಾಯಿತು, ಒರಟಾಯಿತು. ಸೀಸೈಡ್ ಎಂಬ ಕಡಲ ತೀರದ ಊರಿನ ಕ್ಲಬ್ಬೊಂದರಲ್ಲಿ, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರದ ಮುಂದೆ ತರುಣತರುಣಿಯರು ರಾಬರ್ಟ್ಸನ ಈ ತಟ್ಟೆಯನ್ನೇ ಮತ್ತೆ ಮತ್ತೆ ಹಾಕಿಸಿ ಕುಣಿಯುವುದನ್ನು ಕಿಂಗ್ಸ್‌ಮೆನ್ ಹುಡುಗರು ಕಂಡರು. ಇದನ್ನು ನಾವು ಕಲಿಯಲೇಬೇಕು ಎಂದುಕೊಂಡರು.

ಕಲಿಸುವ ಹೊಣೆ ಗಾಯಕ ಜ್ಯಾಕ್ ಈಲಿಯದು. ಅವನು ನೆನಪಿನಿಂದಲೇ ತಂಡಕ್ಕೆ ಪಾಠ ಹೇಳಿದ, ನೆನಪು ಕೈಕೊಟ್ಟಿತು. ವೇಲರ್ಸ್ ತಂಡದ ನಡೆಯಲ್ಲಿ ‘ಒಂದು, ಎರಡು, ಮೂರು, ನಾಲ್ಕು – ಒಂದು, ಎರಡು’ ಎಂಬ ಪೆಟ್ಟಿದ್ದರೆ, ಈಲಿ ಕಲಿಸಿದ್ದು ‘ಒಂದು, ಎರಡು, ಮೂರು – ಒಂದು, ಎರಡು’ ಎಂದು. ಒಂದು ಪೆಟ್ಟು ಜಾರಿಹೋಯಿತು. ಆದರೆ ಜಾರಿದ ಪೆಟ್ಟಿನಿಂದಲೇ ಹಾಡಿಗೊಂದು ಮುನ್ನುಗ್ಗುವ ಓಟ ಬಂತು. ವಿದ್ವತ್ ಸಭೆಯಲ್ಲಾಗಿದ್ದರೆ ಗುರುವೋ ಪಕ್ಕದ ಮೃದಂಗದವನೋ ಅದನ್ನು ಕೂಡಲೆ ತಿದ್ದುತ್ತಿದ್ದರು. ಆ ಕ್ಲಬ್ಬಿನಲ್ಲಿ ತಿದ್ದುವವರಿರಲಿಲ್ಲ, ಕುಣಿಯುವವರಿದ್ದರು. ಅವರು ಕುಣಿದರು. ತಪ್ಪು ನಿಂತಿತು.

ಸಣ್ಣ ಸಭೆಯ ಮಹತ್ವವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ದೊಡ್ಡ ವೇದಿಕೆಗೆ ಬರುವವನು ಸಿದ್ಧನಾಗಿ ಬರಬೇಕು. ಅಲ್ಲಿ ತಪ್ಪಿಗೆ ಎಡೆಯಿಲ್ಲ, ಟಿಕೆಟ್ಟಿನ ಬೆಲೆ ಅದನ್ನು ಕ್ಷಮಿಸುವುದಿಲ್ಲ. ಸಣ್ಣ ಸಭೆ ತಪ್ಪನ್ನು ಸಹಿಸುತ್ತದೆ. ಎಷ್ಟೋ ವೇಳೆ ಅದನ್ನು ಗಮನಿಸುವುದೇ ಇಲ್ಲ. ಮತ್ತೆ ಮುಂದಿನ ವಾರ ಅದೇ ಮುಖಗಳು ಎದುರಿಗೆ. ಹೀಗೆ ಹತ್ತು ವಾರ, ಇಪ್ಪತ್ತು ವಾರ ನುಡಿಸಿ ತಿಕ್ಕಿದ ಮೇಲೆ, ತಪ್ಪಾಗಿ ಹುಟ್ಟಿದ್ದು ತನ್ನದೇ ಹೊಳಪನ್ನು ಪಡೆಯುತ್ತದೆ. ಏಪ್ರಿಲ್ 5ರ ರಾತ್ರಿಯ ಆ ದೀರ್ಘ ಗಾಯನ ಇಂಥ ತಿಕ್ಕುವಿಕೆಯ ಕೊನೆಯ ಸುತ್ತು.

ಮರುದಿನ ಬೆಳಿಗ್ಗೆ ಹುಡುಗರು ಪೋರ್ಟ್‌ಲ್ಯಾಂಡಿನ ‘ನಾರ್ತ್‌ವೆಸ್ಟರ್ನ್’ ಧ್ವನಿಮುದ್ರಣಶಾಲೆಗೆ ಹೋದರು. ಏರ್ಪಾಟು ಮಾಡಿದವನು ಕೆನ್ ಚೇಸ್. ಸ್ಥಳೀಯ ರೇಡಿಯೋ ನಿಲಯದ ನಿರೂಪಕ, ಹದಿಹರೆಯದವರ ನೃತ್ಯಶಾಲೆಯೊಂದರ ಒಡೆಯ. ಕಿಂಗ್ಸ್‌ಮೆನ್ ಅವನ ಶಾಲೆಯ ಖಾಯಂ ವಾದಕರು. ರೇಡಿಯೋ ಮತ್ತು ನೃತ್ಯಶಾಲೆಗಳ ಈ ನಂಟು ಅಂದಿನ ಅಮೆರಿಕದಲ್ಲಿ ಎಲ್ಲೆಡೆಯೂ ಇತ್ತು: ರೇಡಿಯೋದಲ್ಲಿ ಹೇಳಿದವನೇ ಶಾಲೆಯ ಬಾಗಿಲಲ್ಲಿ ಟಿಕೆಟ್ಟಿನ ಹಣ ಎಣಿಸುತ್ತಿದ್ದ. ಧ್ವನಿಮುದ್ರಣದ ಒಟ್ಟು ವೆಚ್ಚ ಸುಮಾರು 50 ಡಾಲರ್; ಅದನ್ನೂ ಹುಡುಗರು ಹಂಚಿಕೊಂಡರು. ನೃತ್ಯಶಾಲೆಯ ಗದ್ದಲವೇ ತಟ್ಟೆಯಲ್ಲಿ ಬರಲೆಂದು ಮೈಕನ್ನು ಎತ್ತರದಲ್ಲಿ ತೂಗುಬಿಡಲಾಗಿತ್ತು. ಈಲಿ ತುದಿಗಾಲಲ್ಲಿ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ, ವಾದ್ಯಗಳ ಮೇಲಿಂದ ಕೇಳುವಂತೆ ಕೂಗಬೇಕಾಯಿತು. ಹಿಂದಿನ ರಾತ್ರಿ ಹಾಡಿ ಹಾಡಿ ಗಂಟಲು ಬಿದ್ದಿತ್ತು. ಹಲ್ಲುಗಳಿಗೆ ತಂತಿ ಬಿಗಿದಿತ್ತು. ಸಾಹಿತ್ಯವೆಲ್ಲ ಉಸಿರು, ಕೂಗು, ಗೊಣಗಾಟಗಳಲ್ಲಿ ಕರಗಿಹೋಯಿತು. ಗಿಟಾರಿನ ಬಿಡಿವಾದನ ಮುಗಿದ ಮೇಲೆ ಅವನು ಮೂರನೆಯ ಚರಣವನ್ನು ಕಾಲಕ್ಕೆ ಮೊದಲೇ ಎತ್ತಿಕೊಂಡ. ತಪ್ಪನ್ನರಿತು ತಟ್ಟನೆ ನಿಂತ. ಡ್ರಮ್ಮಿನ ಲಿನ್ ಈಸ್ಟನ್ ಆ ಖಾಲಿಯನ್ನು ಒಂದು ಉರುಳಿಕೆಯಿಂದ ಮುಚ್ಚಿದ. ಮತ್ತೊಮ್ಮೆ ಮುದ್ರಿಸಲು ಹಣವೂ ಇಲ್ಲ, ಹೊತ್ತೂ ಇಲ್ಲ. ಒಮ್ಮೆ ನುಡಿಸಿದ್ದೇ ಶಾಶ್ವತವಾಯಿತು.

ಕೆಲವೇ ದಿನಗಳಲ್ಲಿ ಅದೇ ಶಾಲೆಯಲ್ಲಿ ಅದೇ ಹಾಡನ್ನು ಪಾಲ್ ರೆವೀರ್ ತಂಡದವರು ಹೆಚ್ಚು ಅಚ್ಚುಕಟ್ಟಾಗಿ ಮುದ್ರಿಸಿದರು. ಅಚ್ಚುಕಟ್ಟಾದದ್ದನ್ನು ದೊಡ್ಡ ಕಂಪೆನಿ ಕೊಂಡುಕೊಂಡಿತು. ಕಿಂಗ್ಸ್‌ಮೆನ್ ತಟ್ಟೆ ತಿಂಗಳುಗಟ್ಟಲೆ ಮೂಲೆಯಲ್ಲಿತ್ತು. ಆ ವರ್ಷದ ಶರತ್ಕಾಲದಲ್ಲಿ, ಖಂಡದ ಆ ಕಡೆಯ ಬಾಸ್ಟನ್ ನಗರದ ರೇಡಿಯೋ ನಿರೂಪಕ ಆರ್ನಿ ಗಿನ್ಸ್‌ಬರ್ಗ್ ಅದನ್ನು ‘ಈ ವಾರದ ಅತ್ಯಂತ ಕೆಟ್ಟ ತಟ್ಟೆ’ ಎಂದು ಹಾಸ್ಯಕ್ಕಾಗಿ ಹಾಕಿದ. ಕೇಳುಗರು ಅಂಗಡಿಗಳಿಗೆ ಮುಗಿಬಿದ್ದರು! ಡಿಸೆಂಬರಿನ ವೇಳೆಗೆ ಅದು ರಾಷ್ಟ್ರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಮೊದಲ ಸ್ಥಾನದಲ್ಲಿದ್ದು ಅದಕ್ಕೆ ಎಡೆಗೊಡದಿದ್ದುದು ಬೆಲ್ಜಿಯಮ್ಮಿನ ಕ್ರೈಸ್ತ ಸಂನ್ಯಾಸಿನಿಯೊಬ್ಬಳು ಹಾಡಿದ ‘ಡಾಮಿನಿಕ್’. ವಿಧಿಯ ಹಾಸ್ಯವೆಂದರೆ ಇದೇ ಇರಬೇಕು.

ಹಾಸ್ಯ ಇಲ್ಲಿಗೇ ಮುಗಿಯಲಿಲ್ಲ. ಮಾತು ಕೇಳಿಸದ ಹಾಡಿನಲ್ಲಿ ಏನನ್ನಾದರೂ ಕೇಳಬಹುದು. ಅದರಲ್ಲಿ ಹೇಳಬಾರದ ಮಾತುಗಳಿವೆ ಎಂಬ ವದಂತಿ ವಿದ್ಯಾರ್ಥಿಗಳಲ್ಲಿ ಹಬ್ಬಿತು. ‘ನಿಜವಾದ ಸಾಹಿತ್ಯ’ವೆಂದು ಹೇಳಿಕೊಳ್ಳುವ, ಕೈಬರಹದ ಹಾಗೂ ಬೆರಳಚ್ಚಿನ ಚೀಟಿಗಳು ಶಾಲೆಯಿಂದ ಶಾಲೆಗೆ ಹೋದವು. ಒಂದು ಊರಿನ ಪಾಠ ಇನ್ನೊಂದು ಊರಿನ ಪಾಠಕ್ಕೆ ಹೊಂದುತ್ತಿರಲಿಲ್ಲ. 1964ರ ಆರಂಭದಲ್ಲಿ ಇಂಡಿಯಾನ ಸಂಸ್ಥಾನದ ಗವರ್ನರ್ ಮ್ಯಾಥ್ಯೂ ವೆಲ್ಷ್ ಹಾಡು ಅಶ್ಲೀಲವೆಂದು ಸಾರಿ, ತಮ್ಮ ಸಂಸ್ಥಾನದ ರೇಡಿಯೋ ನಿಲಯಗಳು ಅದನ್ನು ಪ್ರಸಾರ ಮಾಡದಿರಲಿ ಎಂದು ಕೋರಿದರು. ಚಿಂತಿತರಾದ ಪೋಷಕರು ಕೇಂದ್ರ ಸರ್ಕಾರದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರಿಗೆ ಪತ್ರ ಬರೆದರು. ಕೇಂದ್ರದ ತನಿಖಾ ಇಲಾಖೆ, ಎಫ್.ಬಿ.ಐ., ಕೆಲಸಕ್ಕೆ ತೊಡಗಿತು.

ಆ ಇಲಾಖೆಯ ಪ್ರಯೋಗಾಲಯದಲ್ಲಿ ತಟ್ಟೆಯನ್ನು ನಿಮಿಷಕ್ಕೆ 45 ಸುತ್ತಿನ ನಿಜವೇಗದಲ್ಲಿ ಮಾತ್ರವಲ್ಲದೆ 33ರ ನಿಧಾನದಲ್ಲೂ 78ರ ಅವಸರದಲ್ಲೂ ತಿರುಗಿಸಿ ಕೇಳಿದರು. ಹಾಡು ಬರೆದ ಬೆರಿಯನ್ನು ಪ್ರಶ್ನಿಸಿದರು, ವಾದ್ಯಗಾರರನ್ನು ಪ್ರಶ್ನಿಸಿದರು. ಹಾಡಿದವನನ್ನು, ಎಂದರೆ ಜ್ಯಾಕ್ ಈಲಿಯನ್ನು, ಯಾರೂ ಕೇಳಲಿಲ್ಲ. 1965ರ ತನಕ ಬೆಳೆದ ಕಡತ ನೂರು ಪುಟಗಳನ್ನು ಮೀರಿತು. ಕೊನೆಗೆ ಬಂದ ನಿರ್ಣಯ: ಯಾವ ವೇಗದಲ್ಲಿ ತಿರುಗಿಸಿದರೂ ಮಾತು ಅರ್ಥವಾಗುವುದಿಲ್ಲ, ಆದ್ದರಿಂದ ಅಶ್ಲೀಲವೆಂದು ಹೇಳಲಾಗುವುದಿಲ್ಲ. ವಾಸ್ತವದಲ್ಲಿ, ತಂಡದವರೇ ಮುಂದೆ ಹೇಳಿದಂತೆ, ಮುದ್ರಣದ ವೇಳೆ ಡ್ರಮ್ಮಿನ ಈಸ್ಟನ್ ಕೋಲಿನ ಎಡವಟ್ಟಿಗೆ ಒಂದು ಬೈಗುಳವನ್ನು ಕೂಗಿದ್ದ. ಹಿನ್ನೆಲೆಯಲ್ಲಿ ಅದು ಮಸುಕಾಗಿ ಉಳಿದಿತ್ತು. ಇಷ್ಟು ಶ್ರಮಪಟ್ಟ ಇಲಾಖೆಗೆ ಅದು ಮಾತ್ರ ಸಿಕ್ಕಲಿಲ್ಲ.

ನಗುವುದು ಸುಲಭ. ಆದರೆ ಈ ಕಡತದಲ್ಲಿ ಚರಿತ್ರೆಕಾರನಿಗೆ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಭಯದ ಸ್ವರೂಪ. ಹಿರಿಯರ ಕಣ್ಣಿಂದ ದೂರವಾಗಿ ಮಕ್ಕಳು ತಮ್ಮದೇ ಸಭೆಯನ್ನು ಕಟ್ಟಿಕೊಂಡಿದ್ದರು. ಅಲ್ಲಿ ನಡೆಯುವುದು ಏನೆಂದು ಹಿರಿಯರಿಗೆ ತಿಳಿಯದು. ತಿಳಿಯದ್ದನ್ನು ಕೆಟ್ಟದ್ದೆಂದು ಭಾವಿಸುವುದು ಅಧಿಕಾರದ ಹಳೆಯ ಅಭ್ಯಾಸ. ಎರಡನೆಯದು ವಿಚಿತ್ರವಾದದ್ದು: ಆ ಕಳ್ಳಚೀಟಿಗಳ ನಾನಾ ಪಾಠಗಳನ್ನು ಕೂಡಿಸಿ, ಒಂದು ಕಡೆ ಇಟ್ಟು, ಇಂದಿನವರೆಗೆ ಕಾಪಾಡಿದ್ದು ಪೊಲೀಸರ ಕಡತವೇ. ಜಾನಪದ ಸಂಗ್ರಾಹಕ ಮಾಡಬೇಕಾದ ಕೆಲಸವನ್ನು ತನಿಖಾ ಇಲಾಖೆ ಅರಿಯದೆ ಮಾಡಿಬಿಟ್ಟಿತು.

ಇನ್ನು ಲಾಭ ಯಾರಿಗಾಯಿತು ಎಂಬ ಪ್ರಶ್ನೆ. ತಟ್ಟೆ ಪ್ರಸಿದ್ಧವಾಗುವ ಮುನ್ನವೇ, 1963ರ ಬೇಸಗೆಯಲ್ಲಿ, ತಂಡ ಒಡೆದಿತ್ತು. ತಂಡದ ಹೆಸರು ಈಸ್ಟನ್ ಪಾಲಿಗೆ ನೋಂದಣಿಯಾಗಿದ್ದುದು ತಿಳಿದು ಈಲಿ ಹೊರನಡೆದಿದ್ದ. ದೂರದರ್ಶನದಲ್ಲಿ ಈಸ್ಟನ್ ತುಟಿಯಾಡಿಸಿದ, ಧ್ವನಿ ಈಲಿಯದು. ತಂಡದವರು 1968ರಲ್ಲಿ ತಮ್ಮ ಧ್ವನಿಮುದ್ರಣಗಳ ಹಕ್ಕನ್ನು ಲಾಭದ 9 ಪ್ರತಿಶತಕ್ಕೆ ಬಿಟ್ಟುಕೊಟ್ಟರು. ಆ ಒಪ್ಪಂದದ ಒಂದು ಕಾಸೂ ಅವರ ಕೈ ಸೇರಲಿಲ್ಲ. ನ್ಯಾಯಾಲಯಕ್ಕೆ ಹೋಗಿ, 1998ರಲ್ಲಿ ಮೇಲ್ಮನವಿಯ ಪೀಠವೂ ತೀರ್ಪನ್ನು ಎತ್ತಿಹಿಡಿದ ಮೇಲೆ, ಹಕ್ಕು ಅವರಿಗೆ ಹಿಂದಿರುಗಿತು. ಆ ಹೊತ್ತಿಗೆ ಹುಡುಗರ ತಲೆ ನರೆತಿತ್ತು.

ಬೆರಿಯ ಪಾಡು ಇನ್ನೂ ಕಷ್ಟದ್ದು. ನೂರಾರು ತಂಡಗಳು ಅವನ ಹಾಡನ್ನು ಹಾಡುತ್ತಿದ್ದ ಕಾಲದಲ್ಲಿ, 1980ರ ದಶಕದ ನಡುವಿನಲ್ಲಿ, ಅವನು ಲಾಸ್ ಏಂಜಲೀಸಿನಲ್ಲಿ ತಾಯಿಯ ಮನೆಯಲ್ಲಿ ಸರ್ಕಾರದ ಸಹಾಯಧನದ ಮೇಲೆ ಬದುಕುತ್ತಿದ್ದ. ಪಾನೀಯವೊಂದರ ಜಾಹೀರಾತಿಗೆ ಹಾಡು ಬೇಕಾಗಿ ಅವನ ಸಹಿಗಾಗಿ ಹುಡುಕಿಕೊಂಡು ಬಂದಾಗಲೇ, ತನ್ನ ಹಕ್ಕನ್ನು ಮರಳಿ ಕೇಳುವ ದಾರಿ ಅವನಿಗೆ ತೆರೆಯಿತು. ರಾಜಿಯಾಗಿ ದೊಡ್ಡ ಮೊತ್ತವೇ ಬಂತು. ಅದನ್ನು ಅವನು ಅನುಭವಿಸಿದ್ದು ಹತ್ತು ವರ್ಷಕ್ಕಿಂತ ತುಸು ಹೆಚ್ಚು. 1997ರ ಜನವರಿಯಲ್ಲಿ ತೀರಿಕೊಂಡ. ಹಾಡು ಎಲ್ಲರದು ಎಂದು ನಾವು ಹೊಗಳುವಾಗ, ಎಲ್ಲರದಾದದ್ದರಲ್ಲಿ ಕಟ್ಟಿದವನ ಪಾಲು ಎಲ್ಲಿ ಹೋಯಿತು ಎಂದು ಕೇಳುವುದನ್ನು ಮರೆಯಬಾರದು. ಜನಪದ ಸಂಪತ್ತಿನ ಹೆಸರಿನಲ್ಲಿ ಕವಿಯ ಅಂಕಿತವನ್ನು ಅಳಿಸುವುದು ಸುಲಭ. ಬೆರಿಯ ಅಂಕಿತ ಅಳಿಸಿರಲಿಲ್ಲ, ಕೇವಲ 750 ಡಾಲರಿಗೆ ಬೇರೆಯವರ ಪೆಟ್ಟಿಗೆ ಸೇರಿತ್ತು.

ಆದರೂ ಆ ತಟ್ಟೆ ಮಾಡಿದ ಕೆಲಸ ಕಡಿಮೆಯದಲ್ಲ. ಅದನ್ನು ಕೇಳಿದ ಹುಡುಗರಿಗೆ ‘ಇದನ್ನು ನಾವೂ ನುಡಿಸಬಲ್ಲೆವು’ ಎನ್ನಿಸಿತು. ಪರಿಪೂರ್ಣವಾದ ಕಲೆ ಕೈಮುಗಿಯುವಂತೆ ಮಾಡುತ್ತದೆ. ಇಂಥದು ಕೈಗೆ ವಾದ್ಯ ಹಿಡಿಯುವಂತೆ ಮಾಡುತ್ತದೆ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದ ಮೇಲೆ ಈ ಉತ್ಸಾಹಕ್ಕೆ ಗಾಳಿ ಸಿಕ್ಕಿ ಸಾವಿರಾರು ಕೊಟ್ಟಿಗೆಗಳಲ್ಲಿ ತಂಡಗಳೆದ್ದವು. ಟಕೋಮದ ‘ಸಾನಿಕ್ಸ್’ ಅದೇ ಒರಟುತನವನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಲೆನ್ನಿ ಕೇ ಎಂಬ ಗಿಟಾರುವಾದಕ 1972ರಲ್ಲಿ ಮರೆತುಹೋಗುತ್ತಿದ್ದ ಇಂಥ ತಂಡಗಳ ತಟ್ಟೆಗಳನ್ನು ‘ನಗೆಟ್ಸ್’ ಎಂಬ ಸಂಕಲನವಾಗಿ ಹೊರತಂದ. ಆ ದಶಕದ ನಡುವೆ ಎದ್ದ ಪಂಕ್ ಸಂಗೀತಕ್ಕೆ ಅದು ಒಂದು ಆಕರಗ್ರಂಥದಂತಾಯಿತು. ಪಿಯಾನೊ ನುಡಿಸಿದ್ದ ಡಾನ್ ಗಲೂಚಿಯೇ, ಪಂಕ್‌ಗೆ ದಾರಿ ತೋರಿದ ‘ಸ್ಟೂಜಸ್’ ತಂಡದ 1970ರ ಸಂಪುಟವೊಂದರ ನಿರ್ಮಾಪಕ.

ಸಣ್ಣ ಸಭೆಗಳಿಗಾದರೋ ಕಾಲ ಅಷ್ಟು ಅನುಕೂಲವಾಗಿರಲಿಲ್ಲ. ಸಿಯಾಟಲ್ ನಗರಸಭೆ 1985ರಲ್ಲಿ ಹದಿಹರೆಯದವರ ನೃತ್ಯಕೂಟಗಳ ಮೇಲೆ ನಿಯಮವೊಂದನ್ನು ತಂದಿತು: ದೊಡ್ಡ ಮೊತ್ತದ ವಿಮೆ ಬೇಕು, ಪೊಲೀಸ್ ಕಾವಲು ಬೇಕು, ವಯಸ್ಸಿನ ಕಟ್ಟು ಬೇಕು. ಉದ್ದೇಶ ಮಕ್ಕಳ ರಕ್ಷಣೆ. ಆದರೆ ಆ ಖರ್ಚನ್ನು ಹೊರಬಲ್ಲ ಸಣ್ಣ ಶಾಲೆಗಳು ಎಷ್ಟಿದ್ದಾವು? ಆ ನಿಯಮವನ್ನು ಬದಲಿಸಲು 2002ರವರೆಗೆ ಕಾಯಬೇಕಾಯಿತು.

ಹಸ್ತಪ್ರತಿಗಳೊಡನೆ ಒಡನಾಡಿದ ನಮ್ಮ ವಿದ್ವಾಂಸರು ಪಾಠಾಂತರವೆಂಬುದನ್ನು ಬಲ್ಲರು. ಲಿಪಿಕಾರ ಒಂದು ಅಕ್ಷರ ತಪ್ಪುತ್ತಾನೆ. ಮುಂದಿನವನು ಅದನ್ನೇ ಮೂಲವೆಂದು ನಕಲು ಮಾಡುತ್ತಾನೆ. ಕಡೆಗೆ ತಪ್ಪಿದ ಪಾಠವೇ ಹೆಚ್ಚು ಸ್ವಾರಸ್ಯವಾಗಿ ಕಂಡು ಸಂಪಾದಕ ಪೇಚಿಗೆ ಸಿಲುಕುತ್ತಾನೆ. ‘ಲೂಯಿ ಲೂಯಿ’ಯ ವಿಷಯದಲ್ಲಿ ಆದದ್ದೂ ಇದೇ. ಆಮೇಲೆ ಬಂದ ಎಷ್ಟೋ ತಂಡಗಳು ಈಲಿ ಮೂರನೆಯ ಚರಣವನ್ನು ಮುಂಚೆಯೇ ಎತ್ತಿಕೊಂಡು ನಿಂತದ್ದನ್ನು ಬೇಕೆಂದೇ ಹಾಗೆಯೇ ಅನುಕರಿಸಿದವು. ಅಂದಿನ ತಪ್ಪು ಇಂದಿನ ಸಂಪ್ರದಾಯ. ಈ ಪಾಠಾಂತರದ ಲಿಪಿಕಾರ ಜ್ಯಾಕ್ ಈಲಿ 2015ರಲ್ಲಿ ತೀರಿಕೊಂಡ. ಏಪ್ರಿಲ್ 5ರ ರಾತ್ರಿ ಅವನೆದುರು ಕುಣಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಜಾರಿದ ಆ ಒಂದು ಪೆಟ್ಟನ್ನು ತಿದ್ದದೆ ಒಪ್ಪಿಕೊಂಡವರು ಅವರು. ಹಾಡು ಬೆರಿಯದು, ಕಂಠ ಈಲಿಯದು. ಆ ತಾಳದಲ್ಲಿ ಮಾತ್ರ ಅವರಿಗೂ ಒಂದು ಪಾಲುಂಟು.